ಆರುವ ತನಕ

ಬಸ್ಸಿನ ಕಿಟಕಿಯ ಸ್ಕ್ರೂಗೆ ನನ್ನ ದುಪಟ್ಟಾದ ಎಳೆಯೊಂದು ಸಿಕ್ಕಿಕೊಂಡಿದೆ, ಎಳೆದರೆ ಸರ್ರನೆ ಉದ್ದಕ್ಕೂ ಬಂದೀತು, ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ನನ್ನ ಗೆಳತಿ ಆಶಾಳ ಬೆರಳಿನ ಬಿರುಕಿಗೂ ರೇಷ್ಮೆ ಹೀಗೇ ಸಿಕ್ಕುತ್ತದೆ, ಸಿಕ್ಕಿ ಹರಿಯುತ್ತದೆ — ಮಡಿಲಲ್ಲಿ ಸ್ಟೀಲ್ ಡಬ್ಬಿ ಇನ್ನೂ ಬಿಸಿಯಿದೆ, ಡ್ರೈವರಣ್ಣ, ಆ ಗುಂಡಿಯನ್ನಾದರೂ ತಪ್ಪಿಸಬಾರದೇ, ಚಳ್ಳಕೆರೆ ಬಿಟ್ಟಾಗಿನಿಂದ ಒಂದನ್ನೂ ಬಿಡಲಿಲ್ಲ ಈ ಪುಣ್ಯಾತ್ಮ. ಅಂಗಡಿಯ ಮುಲಾಮು ಹಚ್ಚಿದರೆ ಸೀರೆಗೆ ಜಿಡ್ಡಿನ ಕಲೆ, ಅದಕ್ಕೇ ಇದು, ಗಾಣದ ಶೇಂಗಾ ಎಣ್ಣೆ, ಜೇನುಮೇಣ, ಅಷ್ಟೇ, ಆರುವಾಗ ಮೇಣದ ಹರಳುಗಳು ಯಾರೂ ಹೇಳದೆ ತಾವೇ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಜಿನುಗಗೊಡುವುದಿಲ್ಲ — ಕಾಲೇಜಿನಲ್ಲಿ ಈ ಪಾಠ ಮಾಡುವವಳು ನಾನೇ, ಆರುವಾಗ ಅಲುಗಾಡಿಸಿದರೆ ಬಲೆ ಹರಿಯುತ್ತದೆ ಅನ್ನುವವಳೂ ನಾನೇ, ಬಿಸಿ ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದವಳೂ ನಾನೇ, ಏನು ಬಂದಿತ್ತು ನನಗೆ ದೊಡ್ಡ ರೋಗ. ಅಮ್ಮಿ ಬಾಗಿಲಲ್ಲಿ ನಿಂತು ಹೇಳಿದಳು, ಆರೋವರ್ಗೂ ಮುಟ್ಬೇಡ ಬೇಟಿ, ಹೆಪ್ಪು ಹಾಕಿದ ಹಾಲನ್ನ ಯಾರಾದ್ರೂ ಹೊತ್ಕೊಂಡು ತಿರುಗ್ತಾರಾ. ಹೊತ್ತೆಲ್ಲಿದೆ ಅಮ್ಮಿ, ಮಗ್ಗದ ಯಜಮಾನ ಮಾರುತೇಶ ಇವತ್ತೇ ಬರುತ್ತಾನೆ, ಇನ್ನೊಂದು ಎಳೆ ಹರಿದರೆ ಮಗ್ಗ ಬೇರೆಯವರಿಗೆ ಅಂದಿದ್ದಾನೆ, ಹಾಸ್ಟೆಲ್ಲಿನಲ್ಲಿ ನನ್ನ ಜಡೆ ಹೆಣೆಯುತ್ತಿದ್ದ ಬೆರಳುಗಳು ಅವು — ಮುಚ್ಚಳ ತೆಗೆದು ನೋಡಲೇ, ಬೇಡ, ಒಂದೇ ಸಲ, ಬೇಡ, ತೆಗೆದೆ. ಮೇಲೆ ತೇಲುವ ಎಣ್ಣೆ, ಕೆಳಗೆ ರವೆರವೆ. ಕೆಡಿಸಿಬಿಟ್ಟೆ.

ಆಶಾ ಹೊಸ್ತಿಲಲ್ಲೇ ಎರಡೂ ಕೈ ಚಾಚಿ ನಿಂತಿದ್ದಾಳೆ, ನನಗೆ ಅಳು ಬರುತ್ತದೆ, ಮತ್ತೆ ಕಾಯಿಸಿ ಆರಲು ಬಿಟ್ಟರೆ ಸರಿಹೋಗುತ್ತದೆ, ಒಂದು ತಾಸು ಸುಮ್ಮನಿರಬೇಕು, ಕಾಯಿಸಿದೆ, ನೆಲದ ಮೇಲಿಟ್ಟೆ, ಇಬ್ಬರೂ ಅದರ ಮುಂದೆ ಕುಕ್ಕರುಗಾಲಲ್ಲಿ, ಹಸಿದ ಬೆಕ್ಕುಗಳ ಹಾಗೆ, ಅವಳು ಬೆರಳು ಚಾಚುತ್ತಾಳೆ, ಮುಟ್ಬೇಡ ಕಣೇ ಅನ್ನುತ್ತೇನೆ, ಅಮ್ಮಿಯ ಮಾತು ನನ್ನ ಬಾಯಲ್ಲಿ, ಅಂಚು ಬೆಳ್ಳಗಾಗುತ್ತಿದೆ, ಕಟ್ಟಿಕೊಳ್ಳುತ್ತಿದೆ, ತನ್ನ ಪಾಡಿಗೆ ತಾನು — ಹೊರಗೆ ಬೈಕು ನಿಂತ ಸದ್ದು. ಯಜಮಾನ್ರು ಬಂದ್ರು ಕಣೇ ಫರ್ಹತ್, ನಾನು ಮಗ್ಗದಾಗೆ ಕೂತಿರ್ಬೇಕು. ಇನ್ನೊಂಚೂರು ತಡಿಯೇ. ಅವ್ರು ತಡೀತಾರಾ? ಬರಿಗೈಯಲ್ಲೇ ಕೂತಳು, ಲಾಳಿ ಹೋಯಿತು, ಬಂತು, ನೇಯ್ದದ್ದನ್ನು ಸವರಿದಳು, ಕೈ ಅಲ್ಲೇ ನಿಲ್ಲಿಸಿಬಿಟ್ಟಳು. ತೋರುಬೆರಳಿನ ಬಿರುಕಿನಲ್ಲಿ ಕೆಂಪು ಎಳೆ. ಎಳೆಯುತ್ತಿಲ್ಲ, ಬಿಡಿಸುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು, ನೆಲದ ಮೇಲೆ ಡಬ್ಬಿ ಅಲುಗದೆ ಗಟ್ಟಿಯಾಗುತ್ತಿದೆ, ಆ ಎಳೆ, ಬೆರಳಿಗೂ ಸೀರೆಗೂ ನಡುವೆ ಬಿಗಿದು ನಿಂತ ಆ ಕೆಂಪು ಎಳೆ