ಹೊರಸುತ್ತಿನ ನಟ್ಟುಗಳು

ಸತ್ತವನ ಬಗ್ಗೆ ಅವನನ್ನು ಪೂರ್ತಿ ಬಲ್ಲವರೇ ಹೇಳಬೇಕು. ಐಡ್ವಾಲ್ ಬ್ರೀಜ್‌ನನ್ನು ಹಾಗೆ ಬಲ್ಲವರು ಯಾರೂ ಮುಂದೆ ಬರಲಿಲ್ಲ. ಅರ್ಧಮರ್ಧ ತಿಳಿದು ಹೇಳಹೊರಟದ್ದು ತಪ್ಪೆನಿಸಿದರೆ ಕ್ಷಮಿಸಬೇಕು.

ಟೆಗ್ವಿನ್ ಶೆಡ್ಡಿನ ಮೂಲೆ ತಿರುಗುವ ಹೊತ್ತಿಗೆ ಗಾರ್ಮನ್ ಎರಡು ನಟ್ಟುಗಳನ್ನು ಸಡಿಲಿಸಿ ಮೂರನೆಯದಕ್ಕೆ ಬ್ಯಾಟರಿಯಿಂದ ತಿರುಗುವ ಸ್ಪ್ಯಾನರ್ ಇಟ್ಟಿದ್ದ. ಕಪ್ಪು ಕೋಟು ಲಾರಿಯ ಕನ್ನಡಿಗೆ ನೇತುಬಿದ್ದಿತ್ತು.

"ಅದನ್ನ ಕೆಳಗಿಡು," ಎಂದ ಟೆಗ್ವಿನ್. ದನಿ ಏರಿಸಲಿಲ್ಲ. "ಚಕ್ರದ ಎದುರಿಗೆ ಇರ್ಬೇಡ. ಪಕ್ಕಕ್ಕೆ ಬಾ, ನನ್ನ ಕಡೆ."

"ಗಾಳಿ ಇಳಿದಿದೆ ಕಣಣ್ಣ. ಬದಲಾಯಿಸ್ತಿದ್ದೆ. ಹನ್ನೊಂದಕ್ಕೆ ಮಾವನ್ನ ಹೊರಡಿಸ್ಬೇಕಲ್ಲ."

"ಪೂರ್ತಿ ಇಳಿದಿಲ್ಲ. ಅದೇ ತೊಂದರೆ."

ಗಾರ್ಮನ್ ಐಡ್ವಾಲ್‌ನ ತಂಗಿಯ ಮಗ. ದೂರದ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ಜನರ ಅಡುಗೆಮನೆಗಳಿಗೆ ಕಪಾಟು ಕೂರಿಸುವವನು, ಕೈಕೆಲಸದಲ್ಲಿ ಚುರುಕು. ಅವನು ಎದ್ದು ಬಂದ ಮೇಲೆ ಟೆಗ್ವಿನ್ ಮಗ್ಗುಲಿನಿಂದ ತೆವಳಿ ಹೋಗಿ, ಮುಖ ಆಚೆ ತಿರುಗಿಸಿಕೊಂಡೇ ವಾಲ್ವಿನ ಒಳಗಿನ ಪಿನ್ನು ಕಿತ್ತ. ಗಾಳಿ ಸುಯ್ಯೆಂದು ಹೊರಟಿತು. ಅದು ನಿಂತ ಮೇಲೆಯೇ ಅವನು ಮುಖ ಈಚೆ ತಿರುಗಿಸಿದ್ದು.

ಆ ಹಳೆಯ ಮಿಲಿಟರಿ ಬೆಡ್‌ಫರ್ಡ್ ಲಾರಿಯ ಚಕ್ರವೆಂದರೆ ಎದುರುಬದುರು ಮುಚ್ಚಿದ ಎರಡು ಕಬ್ಬಿಣದ ತಟ್ಟೆಗಳು. ಅವುಗಳ ನಡುವೆ ಟೈರು. ಒಳಸುತ್ತಿನ ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದಿರುತ್ತವೆ. ಹೊರಸುತ್ತಿನವು ತಟ್ಟೆಗಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ಟೈರಿನಲ್ಲಿ ಗಾಳಿಯಿದ್ದಾಗ ಹೊರಗಿನವನ್ನು ಬಿಚ್ಚಿದರೆ ಹೊರಬದಿಯ ತಟ್ಟೆ ಬಿಚ್ಚಿದವನ ಮುಖಕ್ಕೇ ಬರುತ್ತದೆ. ಅದಕ್ಕೇ ಸೈನ್ಯದವರು ಅವಕ್ಕೆ ಕೆಂಪು ಬಳಿಯುತ್ತಿದ್ದರು. ಇವತ್ತು ಎಲ್ಲವೂ ಹಸಿರಾಗಿದ್ದವು.

"ಬಣ್ಣ ನೀನೇ ಹೊಡೆದದ್ದಾ?"

"ಹೂಂ. ಕೊನೇ ಸಲ ಚೆಂದ ಕಾಣ್ಲಿ ಅಂತ."

"ಎಲ್ಲಾ ಚಕ್ರಕ್ಕೂ?"

"ಸ್ಪೇರಿಗೂ. ಸಂದೀಲಿ ತುಕ್ಕಿತ್ತು. ಒಂದೊಂದೇ ನಟ್ಟು ಬಿಚ್ಚಿ, ಉಜ್ಜಿ, ತಿರುಗಿ ಹಾಕ್ದೆ."

ಟೆಗ್ವಿನ್ ಲಾರಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಗಾಳಿ ತುಂಬಿರುವಾಗಲೇ ಬಿಚ್ಚಿ ಹಾಕಿದ ನಟ್ಟುಗಳು ಓಡುವ ಗಾಡಿಯಲ್ಲಿ ಹಿಡಿದು ನಿಲ್ಲುತ್ತವೆಂದು ನಂಬುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಐಡ್ವಾಲ್ ಅವನಿಂದ ಒಂದೇ ಒಂದು ಮಾತು ಪಡೆದಿದ್ದ: ಸತ್ತ ಮೇಲೆ ಚಾಪೆಲಿಗೆ, ಊರಿನ ಪ್ರಾರ್ಥನಾಮಂದಿರಕ್ಕೆ, ತನ್ನನ್ನು ಈ ಲಾರಿಯಲ್ಲಿ ಒಯ್ಯಬೇಕು, ಸ್ಟೀರಿಂಗು ಟೆಗ್ವಿನ್‌ನ ಕೈಯಲ್ಲಿರಬೇಕು. ಮೂವತ್ತು ವರ್ಷ ಜೊತೆಯಲ್ಲಿ ದುಡಿದರೂ ಐಡ್ವಾಲ್ ಬೇರೆ ಏನನ್ನೂ ಕೇಳಿದವನಲ್ಲ.

*

ಐಡ್ವಾಲ್ ಸೈನ್ಯದ ರಿಪೇರಿ ಶೆಡ್ಡಿನಲ್ಲಿ ಕಡ್ಡಾಯ ಸೇವೆ ಮುಗಿಸಿ ಊರಿಗೆ ಬಂದವನೇ ಗೆಳೆಯ ಹೇಡನ್ ಜೊತೆ ಸೇರಿ ಸೈನ್ಯದ ಹಳೆಯ ಗಾಡಿಗಳ ಹರಾಜಿನಲ್ಲಿ ಮೂರು ಲಾರಿ ಹಿಡಿದ. ಕಾಡಿನ ಮರ ಸಾಗಿಸುವ ಕೆಲಸ ಆಗ ಬೇಕಾದಷ್ಟಿತ್ತು. ಹರಾಜಿಗೆಂದು ಯಾರೋ ಲಾರಿಗಳಿಗೆ ಅಡಿಯಿಂದ ಮುಡಿಯವರೆಗೆ ಹೊಸ ಹಸಿರು ಬಳಿದಿದ್ದರು. ಒಂದು ಬೆಳಿಗ್ಗೆ ಹೇಡನ್ ಪಂಕ್ಚರ್ ಹಾಕಲು ಕುಳಿತ. ಐಡ್ವಾಲ್ ಪಕ್ಕದ ಲಾರಿಯ ಅಡಿಯಲ್ಲಿ ಮಲಗಿದ್ದ. ಸದ್ದು ಕೇಳಿ ಹೊರಗೆ ಬಂದಾಗ ಮಾಡುವುದಕ್ಕೇನೂ ಉಳಿದಿರಲಿಲ್ಲ.

ಎರಡು ವರ್ಷದ ನಂತರ ಅವನು ಹೇಡನ್‌ನ ತಂಗಿ ನೆಸ್ಟಾಳನ್ನು ಮದುವೆಯಾದ.

ಆಮೇಲಿನದು ಎಲ್ಲರೂ ಕಂಡದ್ದೇ. ಪ್ರತಿ ವಸಂತದಲ್ಲಿ ಐಡ್ವಾಲ್ ಒಂದು ಡಬ್ಬಿ, ಒಂದು ಸಣ್ಣ ಕುಂಚ ಹಿಡಿದು ತನ್ನ ಲಾರಿಗಳ ಹೊರಸುತ್ತಿಗೆ ಕೆಂಪು ಬಳಿಯುತ್ತಿದ್ದ. ಹಳೆಯ ಗಾಡಿಗಳ ಮೇಳಕ್ಕೆ ಹೋದರೆ ಪರರ ಲಾರಿಗಳಿಗೂ ಕೇಳದೆ ಬಳಿದುಬಿಡುವನು. ಜಗಳಗಳಾದವು. ಒಬ್ಬ ಅವನ ಡಬ್ಬಿಯನ್ನು ಕಾಲಿನಿಂದ ಒದ್ದ. ಐಡ್ವಾಲ್ ಅದನ್ನು ಎತ್ತಿಕೊಂಡು, ತಳದಲ್ಲಿ ಉಳಿದಷ್ಟರಲ್ಲೇ ಕೆಲಸ ಮುಂದುವರಿಸಿದ.

*

ಅಡುಗೆಮನೆಯಲ್ಲಿ ನೆರೆಮನೆಯ ಮೊರ್ವಿತ್ ಹಂದಿಮಾಂಸ ಹೆಚ್ಚುತ್ತ ಅದನ್ನೇ ಹೇಳುತ್ತಿದ್ದಳು. ಶವಸಂಸ್ಕಾರದ ಏರ್ಪಾಡು ನೋಡುವ ಬೆಬ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ.

"ನಾನೇ ಕೇಳಿದ್ದೆ, ಲಾರಿಗೆಲ್ಲಾ ಉಗುರುಬಣ್ಣ ಹಚ್ತೀಯಲ್ಲ ಐಡ್ವಾಲ್, ಹೆಂಡ್ತಿಗೆ ಯಾವತ್ತಾದ್ರೂ ಹಚ್ಚಿದೀಯಾ ಅಂತ."

"ಏನಂದ?" ಎಂದ ಬೆಬ್.

"ಏನಂತಾನೆ. ಅವಳನ್ನ ಯಾರೂ ಬಿಚ್ಚೋಕೆ ಬರಲ್ವಲ್ಲ ಅಂದ."

ನೆಸ್ಟಾ ಕೂಡ ನಕ್ಕಳು. ಒಣದ್ರಾಕ್ಷಿಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಬಾಗಿಲಲ್ಲಿ ನಿಂತ ಟೆಗ್ವಿನ್‌ನನ್ನು ಕಂಡಳು.

"ಲಾರಿ ಸಿದ್ಧನಾ?"

"ಹೊರಸುತ್ತಿನ ನಟ್ಟು ಬಿಚ್ಚಿದಾರೆ ನೆಸ್ಟಾ."

ಅವಳ ಚಾಕು ನಿಂತಿತು. ಯಾರು ಎಂದು ಕೇಳಲಿಲ್ಲ. "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ."

ಚಾಕು ಮತ್ತೆ ಆಡಿತು. ಒಂದು ಚೂರು ಮುಗಿಸಿ ತಟ್ಟೆಗಿಟ್ಟು, ಎಲ್ಲ ಚಕ್ರದ್ದೂ ಹೌದೇ ಎಂದಳು. ಟೆಗ್ವಿನ್ ಹೌದೆಂದ. ಬಿಗಿ ಮಾಡಿ, ಗಾಳಿ ತುಂಬಿಕೊಂಡು ಮೆಲ್ಲಗೆ ಹೋದರೆ ಬಹುಶಃ ಏನೂ ಆಗಲಾರದು, ದಾರಿಯೂ ದೂರವಿಲ್ಲ ಎಂದು ಸೇರಿಸಿದ. ಅದನ್ನು ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

"ಅವನಾಗಿದ್ರೆ ಓಡಿಸ್ತಿದ್ನಾ?"

ಟೆಗ್ವಿನ್ ಅಂಗಿಯ ಕಾಲರಿನೊಳಗೆ ಬೆರಳಾಡಿಸಿದ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಿತ್ತು.

"ಇಲ್ಲ," ಎಂದ.

ಬೆಬ್ ಹೆಣ ಒಯ್ಯುವ ತನ್ನ ಕಪ್ಪು ಕಾರು ಹೊರಗೇ ಇದೆಯೆಂದು ನೆನಪಿಸಿದ. ನೆಸ್ಟಾ ಕೈ ಒರೆಸಿಕೊಂಡಳು. "ಚಾಪೆಲಿನವರೆಗೂ ಇಳಿಜಾರು ತಾನೆ. ಹೊತ್ಕೊಂಡು ನಡೀರಿ."

ಅಂಗಳದಲ್ಲಿ ಗಾರ್ಮನ್ ಕೋಟನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಟೆಗ್ವಿನ್ ಅವನಿಗೆ ಎಲ್ಲವನ್ನೂ ಹೇಳಿದ್ದ, ಹೇಡನ್‌ನ ವಿಷಯವನ್ನೂ. ಅವನು ಬಾಯಿ ತೆರೆದ. ನೆಸ್ಟಾ ಅವಕಾಶ ಕೊಡಲಿಲ್ಲ.

"ಕೋಟು ಹಾಕ್ಕೊ. ಮುಂದ್ಗಡೆ ಬಲಕ್ಕೆ ನೀನು ಹೆಗಲು ಕೊಡು."

"ಅತ್ತೆ, ನಂಗೆ ಗೊತ್ತಿರ್ಲಿಲ್ಲ."

"ನಮ್ಮಣ್ಣಂಗೂ ಗೊತ್ತಿರ್ಲಿಲ್ಲ," ಎಂದಳು.

ಟೆಗ್ವಿನ್ ಹೆಗಲು ಕೊಡುವ ಮೊದಲು ಉಳಿದ ಚಕ್ರಗಳ ವಾಲ್ವಿನ ಪಿನ್ನುಗಳನ್ನೂ ಕಿತ್ತ. ಎಲ್ಲರೂ ಚಾಪೆಲಿನಲ್ಲಿರುವಾಗ ಯಾರಾದರೂ ಬಂದು ಮುಟ್ಟಿದರೆ ಎಂಬ ಭಯ ಅವನಿಗೆ. ಆ ಸುಯ್ಯೆಂಬ ಸದ್ದಿನ ನಡುವೆಯೇ ಶವಪೆಟ್ಟಿಗೆ ಬಾಗಿಲು ದಾಟಿತು. ದಾರಿಯುದ್ದಕ್ಕೂ ಉಳಿದವರು ಹೆಗಲು ಬದಲಿಸಿದರು, ಗಾರ್ಮನ್ ಬದಲಿಸಲಿಲ್ಲ.

ಎರಡು ವರ್ಷ ಸೈನ್ಯದ ಶೆಡ್ಡಿನಲ್ಲಿದ್ದ ಐಡ್ವಾಲ್‌ಗೆ ಹೊರಸುತ್ತಿನ ಕೆಂಪು ಏನೆಂದು ಗೊತ್ತಿರಲೇಬೇಕು. ಅದನ್ನು ಹೇಡನ್‌ಗೆ ಹೇಳಿದ್ದನೋ, ಹೇಳಲು ಮರೆತಿದ್ದನೋ, ನಾಳೆ ಹೇಳೋಣವೆಂದು ಬಿಟ್ಟಿದ್ದನೋ, ಅದು ಗೊತ್ತಿಲ್ಲ. ನೆಸ್ಟಾ ಎಂದೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಅಂಗಳದಲ್ಲಿ ಯಾರೂ ಇರಲಿಲ್ಲ. ಲಾರಿ ಮೊದಲು ಒಂದು ಮಗ್ಗುಲಿಗೆ ವಾಲಿತು, ಆಮೇಲೆ ಇನ್ನೊಂದು ಮಗ್ಗುಲೂ ಇಳಿದು, ನಾಲ್ಕೂ ಚಕ್ರಗಳ ಕಬ್ಬಿಣದ ಮೇಲೆ ಮಟ್ಟವಾಗಿ ಕುಳಿತುಕೊಂಡಿತು.