ಉಪ್ಪಿಟ್ಟಿನ ಪಾಸ್‌ವರ್ಡ್

ಪೆನ್‌ಡ್ರೈವ್ ಹಿಡಿದು ಓಡಾಡುವುದೆಲ್ಲ ಹಳೇ ಕಾಲದವರ ಕೆಲಸ ಎಂದು ವಿಶ್ವನಾಥ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಜಂಭ ಕೊಚ್ಚಿಕೊಂಡಿದ್ದ. ವಿದ್ಯಾರಣ್ಯಪುರಂನ ಮನೆಯ ಕಂಪ್ಯೂಟರಿಗೆ ಇಲ್ಲಿಂದಲೇ ಲಾಗಿನ್ ಆಗಿ, ಭಾನುವಾರವಿಡೀ ಕೂತು ಮಾಡಿದ ಡ್ರಾಯಿಂಗನ್ನು ತರಿಸಿಕೊಳ್ಳುತ್ತೇನೆ ಎಂದಿದ್ದ. ಗಿರಾಕಿಗಳು ಹನ್ನೊಂದಕ್ಕೆ ಬರುವವರು. ಹತ್ತೂವರೆಗೆ ನೋಡಿದರೆ ಕಂಪ್ಯೂಟರ್ ಅವನ ಗುರುತೇ ಹಿಡಿಯಲಿಲ್ಲ.

ಕಳ್ಳರ ಭಯಕ್ಕೆ ತನ್ನ ಫೋಲ್ಡರಿಗೆಲ್ಲ ಪಾಸ್‌ವರ್ಡಿನ ಬೀಗ ಜಡಿದು ಎನ್‌ಕ್ರಿಪ್ಟ್ ಮಾಡಿದ್ದ ಜಾಣ, ದೂರದಿಂದ ಒಳಹೋಗುವ ಕೀಲಿಯನ್ನೂ ಅದರೊಳಗೇ ಇಟ್ಟಿದ್ದ. ಬೀರುವಿನ ಕೀಲಿಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಬೆಳಿಗ್ಗೆ ಲಾಗಿನ್ ಮಾಡಿಟ್ಟೇ ಬಂದಿದ್ದ. ಅದು ಹಾಗೇ ತೆರೆದಿದ್ದಿದ್ದರೆ ತಕರಾರಿರಲಿಲ್ಲ. ಮನೆಗೆ ಫೋನ್ ಮಾಡಿದ.

“ಸೋಮವಾರ ಅಲ್ವೇನಪ್ಪಾ? ಆಫ್ ಮಾಡಿ, ಒರೆಸಿ, ವಿಭೂತಿ ಹಚ್ಚಿದೆ. ವಾಪಸ್ ಆನ್ ಮಾಡಿದೀನಿ, ಪಾಸ್‌ವರ್ಡ್ ಕೇಳ್ತಾ ಕೂತಿದೆ,” ಎಂದರು ತಾಯಿ ಮಹದೇವಮ್ಮ.

ಆ ಪಾಸ್‌ವರ್ಡ್ ತಾಯಿಗೆ ಹೇಳುವಂಥದ್ದಲ್ಲ. ಸೋಮವಾರ ತಾಯಿಯ ಒಪ್ಪತ್ತು. ಅವತ್ತು ಮನೆಯಲ್ಲಿ ಉಪ್ಪಿಟ್ಟೇ. ಹನ್ನೊಂದು ವರ್ಷದಿಂದ “ನಿನ್ನ ಉಪ್ಪಿಟ್ಟಿನ ಮುಂದೆ ಯಾವ ಹೋಟೆಲಮ್ಮಾ!” ಎಂದು ನುಂಗಿದ್ದ. ನಿಜವನ್ನು ಹೇಳಿಕೊಂಡಿದ್ದು ಕಂಪ್ಯೂಟರಿಗೊಂದಕ್ಕೇ, ಪಾಸ್‌ವರ್ಡಾಗಿ. ಹೇಳಿದರೆ ಅಮ್ಮನ ಮನಸ್ಸು ಮುರಿಯುತ್ತದೆ, ಬಿಟ್ಟರೆ ಮಾನ ಹೋಗುತ್ತದೆ.

“ಏನ್ರೀ, ನಿಮ್ಮನೆ ಕಂಪ್ಯೂಟರ್ ಇನ್ನೂ ಎದ್ದಿಲ್ವಾ?” ಮ್ಯಾನೇಜರ್ ರುದ್ರಸ್ವಾಮಿ ಬಾಗಿಲಲ್ಲಿ ನಿಂತಿದ್ದರು.

“ಅಮ್ಮಾ, ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳ್ತೀನಿ, ಒತ್ತು. ಸೇರಿಸಿ ಮಾತ್ರ ಓದ್ಬೇಡ.”

ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಸೇರಿಸಿ ಓದುವುದನ್ನೇ ಕಲಿಸಿದ ಮೇಡಮ್ಮಿಗೆ ಹೇಳುವ ಮಾತೇ ಇದು?

“ಯು, ಪಿ, ಪಿ... ಉಪ್ಪಿಟ್ಟು. ಹೂಂ, ಮುಂದಕ್ಕೆ?”

ಮುಂದಿನದನ್ನು ಅವನು ಕಣ್ಣು ಮುಚ್ಚಿಕೊಂಡು ಹೇಳಿದ.

“ಉಪ್ಪಿಟ್ಟು ಸಾಕಮ್ಮ,” ಎಂದು ಮಹದೇವಮ್ಮ ನಿಧಾನವಾಗಿ ಓದಿದರು. “ತೆರ್ಕೊಳ್ತು,” ಎಂದು ಫೋನ್ ಇಟ್ಟರು.

ಡ್ರಾಯಿಂಗ್ ಬಂತು. ಗಿರಾಕಿಗಳು ಮೆಚ್ಚಿದರು, ರುದ್ರಸ್ವಾಮಿ ಬೆನ್ನು ತಟ್ಟಿದರು. ವಿಶ್ವನಾಥನಿಗೆ ಯಾವುದೂ ರುಚಿಸಲಿಲ್ಲ. ಅಳುಕುತ್ತಲೇ ಮನೆಗೆ ಹೋದ. ತಾಯಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಂದು ಅವನ ಮುಂದಿಟ್ಟರು, ತಮಗೂ ಒಂದು ತಟ್ಟೆ ಹಾಕಿಕೊಂಡರು.

“ಅಮ್ಮಾ, ಬೇಜಾರಾಯ್ತಾ?”

“ಆಗ್ದೆ ಇರುತ್ತಾ? ನನಗೂ ಆ ಉಪ್ಪಿಟ್ಟು ಕಂಡ್ರೆ ಆಗಲ್ಲ ಕಣೋ. ನಿನಗಿಷ್ಟ ಅಂತ ಹನ್ನೊಂದು ವರ್ಷ ಕೆದಕಿದೀನಿ! ಆ ಡಬ್ಬಕ್ಕೆ ಹೇಳಿದ್ದನ್ನ ನನಗೆ ಹೇಳಕ್ಕೇನೋ ದಾಡಿ?”