ಎರಡನೇ ಮುದ್ರಣ

ಸುಳ್ಯದಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡ ನೌಷಾದನಿಗೆ ಹಳೇ ಭಾಷಣಗಳ ಹುಚ್ಚು. ರಾಜಕಾರಣಿಗಳ ಭಾಷಣ ಕೇಳುವುದೇ ಒಂದು ಶಿಕ್ಷೆ. ಇವನೋ ಅಚ್ಚಾದ ಭಾಷಣಗಳನ್ನು, ಅದೂ ಮೊದಲ ಮುದ್ರಣವೇ ಬೇಕೆಂದು ಹಟ ಹಿಡಿದು, ಪುತ್ತೂರು ಕಡಬದ ಗುಜರಿ ಅಂಗಡಿಗಳಲ್ಲೆಲ್ಲ ಹುಡುಕುತ್ತಿದ್ದ. ಜನ ನಗುತ್ತಿದ್ದರು. ನಗುವವರಿಗೇನು ಗೊತ್ತು?

ಗೇಣಿದಾರರಿಗೆ ಭೂಮಿ ಸಿಗಬೇಕೆಂದು ಎಪ್ಪತ್ತರ ದಶಕದಲ್ಲಿ ಪುತ್ತೂರಿನಲ್ಲಿ ಮೊಳಗಿದ ಒಂದು ಹೆಸರಾಂತ ಭಾಷಣದ ಮೊದಲ ಮುದ್ರಣದಲ್ಲಿ ಸಭೆಯ ಫೋಟೋ ಇತ್ತು. ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವನು ನೌಷಾದನ ಅಪ್ಪ ಮೊಯ್ದಿನಬ್ಬ. ಮಗು ನೌಷಾದ. ಅದೇ ವರ್ಷ ಜ್ವರ ಬಂದು ಮೊಯ್ದಿನಬ್ಬ ತೀರಿಕೊಂಡ. ಅವನ ಬೇರೊಂದು ಪಟವಿಲ್ಲ. ಫೋಟೋದ ಸುದ್ದಿಯನ್ನು ಹೆಂಡತಿ ಹವ್ವಮ್ಮ ಊರವರ ಬಾಯಲ್ಲಿ ಕೇಳಿದ್ದಳೇ ಹೊರತು ನೋಡಿರಲಿಲ್ಲ. ಎರಡನೇ ಮುದ್ರಣದಲ್ಲಿ ಅದನ್ನು ಕೈಬಿಟ್ಟಿದ್ದರು.

ಕೊನೆಗೂ ಕೊಯಿಲದ ಒಂದು ಮನೆಯ ಅಟ್ಟದಲ್ಲಿ ಆ ಮೊದಲ ಮುದ್ರಣದ ಪುಸ್ತಿಕೆ ಸಿಕ್ಕಿತು. ಯಾರೋ ಅದಕ್ಕೆ ಮದ್ರಸದ ಹಳೇ ಅರಬಿ ಕಿತಾಬಿನ ಹಾಳೆಯಿಂದ ಬೈಂಡು ಹಾಕಿದ್ದರು. ಸಿಕ್ಕಿದ್ದನ್ನು ಸಿಕ್ಕಿದ ಹಾಗೆಯೇ ಇಡಬೇಕೆಂಬುದು ಸಂಗ್ರಹ ಮಾಡುವವರ ಶಿಸ್ತು. ನೌಷಾದ ಬೈಂಡು ತೆಗೆಯಲಿಲ್ಲ.

"ಉಮ್ಮಾ, ಕಣ್ಣಿನ ಆಪರೇಶನ್ ಆಗಲಿ. ಆಮೇಲೆ ಒಂದು ತೋರಿಸ್ಲಿಕ್ಕುಂಟು," ಎಂದು ತಾಯಿಗೆ ಹೇಳಿದ. ಏನೆಂದು ಮಾತ್ರ ಬಾಯಿ ಬಿಡಲಿಲ್ಲ.

ರಂಜಾನ್‌ಗೆ ಮೊದಲು ಮನೆ ಗುಡಿಸಿ ಒರೆಸುವಾಗ ಹವ್ವಮ್ಮನ ಮಂಜುಗಣ್ಣಿಗೆ ಕಪಾಟಿನಲ್ಲಿ ಕಂಡದ್ದು ದಪ್ಪ ಅರಬಿ ಅಕ್ಷರಗಳು. ಹರಿದ ಅರಬಿ ಹಾಳೆ ಯಾರ ಕಾಲಡಿಗೂ ಬೀಳಬಾರದೆಂದು ಹರಿಯುವ ನೀರಿಗೆ ಬಿಡುವುದು ಆ ಮನೆಯ ಪದ್ಧತಿ. ಉಳಿದ ಹಾಳೆಗಳ ಜೊತೆ ಆ ಪುಸ್ತಿಕೆಯನ್ನೂ ಬಟ್ಟೆಯಲ್ಲಿ ಕಟ್ಟಿ ಸೊಸೆ ಝುಲೈಖಾಳ ಕೈಗೆ ಕೊಟ್ಟಳು. ಅರಂತೋಡಿನ ತವರಿಗೆ ಹೊರಟಿದ್ದ ಝುಲೈಖಾ ಗಂಟನ್ನು ಬಿಚ್ಚದೆ ಪಯಸ್ವಿನಿ ಹೊಳೆಗೆ ಬಿಟ್ಟಳು.

"ಕಪಾಟಿನಲ್ಲಿದ್ದದ್ದನ್ನೂ ಕಳಿಸಿದೆ ಮಗಾ. ಪೂರಾ ಹರಿದು ಹೋಗಿತ್ತು," ಎಂದು ಸಂಜೆ ಉಮ್ಮ ಹೇಳಿದಾಗ ನೌಷಾದ ಕಪಾಟು ತೆರೆದು ನೋಡಿದ. ಹೊಳೆಗೆ ಓಡಿದ. ಅಲ್ಲಿ ನೀರು ಬಿಟ್ಟರೆ ಬೇರೇನಿರುತ್ತದೆ? ದಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಆ ಹಾಳು ಬೈಂಡನ್ನು ಅಂದೇ ಕಿತ್ತೆಸೆದಿದ್ದರೆ ಎಂದು ತನ್ನ ಶಿಸ್ತನ್ನೇ ಶಪಿಸಿದ.

ಮನೆಗೆ ಬಂದು, "ಒಳ್ಳೇದಾಯ್ತು ಉಮ್ಮಾ," ಎಂದ. ಗಂಡನ ಮುಖವನ್ನು ನೀನೇ ನೀರಿಗೆ ಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳುವುದು?

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಹವ್ವಮ್ಮ ಕೈ ಚಾಚಿದಳು. "ಎಂತದೋ ತೋರಿಸ್ಲಿಕ್ಕುಂಟು ಅಂತ ಹೇಳಿದ್ದೆಯಲ್ಲ, ಕೊಡು."

ಬೇರೆ ದಾರಿ ಕಾಣದೆ ನೌಷಾದ ತನ್ನ ಬಳಿಯಿದ್ದ ಎರಡನೇ ಮುದ್ರಣವನ್ನು ಕೊಟ್ಟ.

"ಪುತ್ತೂರಿನ ಭಾಷಣದ್ದಾ?" ಅವಳ ಮುಖ ಅರಳಿತು. ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು ಒಂದೊಂದೇ ಪುಟ ಮಗುಚಿದಳು. ಕೊನೆಯವರೆಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಇದರಲ್ಲಿ ಅವರು ಇಲ್ಲವಲ್ಲ, ಮಗಾ."